ಟೆಲಿಫೋನು ಮತ್ತು ತತ್ವಪದ

ಕಳೆದ ಸಂಚಿಕೆಯಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಬರೆದು, ಹಬ್ಬದ ಹೋಳಿಗೆಗೇ ಕಲ್ಲು ಹಾಕಿದೆನೆಂದು ಅನೇಕರಿಂದ ಬೈಸಿಕೊಂಡೆ. ಹಾಗಾಗಿ ಈ ಸಲ ಗಂಟಲಿನ ವಿಷಯ.

ಬರ್ ದುಬೈನ ನನ್ನ ಕ್ಲಿನಿಕ್ಕಿಗೆ ಒಂದು ಸಂಜೆ ಮೂವತ್ತರ ಆಸುಪಾಸಿನ ಕನ್ನಡದ ಹುಡುಗನೊಬ್ಬ ಬಂದ. (ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.) ತಿಂಗಳಿಂದ ದನಿ ಒಡೆದಿತ್ತು. ಹಗಲೆಲ್ಲ ಆಫೀಸಿನಲ್ಲಿ ಫೋನು. ವಾರಾಂತ್ಯ ಬಂತೆಂದರೆ ಸಂಘದ ವೇದಿಕೆ, ನಾಮಕರಣ, ಹುಟ್ಟುಹಬ್ಬ. ಎಲ್ಲೆಡೆ ಇವನ ಜನಪದ ಗೀತೆ, ಶರೀಫರ ತತ್ವಪದ. ಅದೂ ಸಿ. ಅಶ್ವಥ್ ಹಾಡಿದ ಎತ್ತರದ ಶ್ರುತಿಯಲ್ಲೇ ಆಗಬೇಕು! ಮೂರು ವಾರ ಮೀರಿದ ಗೊಗ್ಗರು ದನಿಯನ್ನು ಉಪ್ಪುನೀರಿನ ಭರವಸೆಗೆ ಬಿಡಬಾರದು. ಇಎನ್‌ಟಿ ಮಿತ್ರರ ಬಳಿ ಕಳಿಸಿದೆ. ಎರಡೂ ಸ್ವರತಂತುಗಳ ಮೇಲೆ ಪುಟ್ಟ ಗಂಟುಗಳು. ಅಪಾಯದವಲ್ಲ, ಅತಿಯಾಗಿ ತಿಕ್ಕಾಡಿದ ಅಂಗೈಯಲ್ಲಿ ಜಡ್ಡು ಕಟ್ಟುತ್ತದಲ್ಲ, ಹಾಗೆ. ಕತ್ತರಿ ಬೇಡ, ದನಿಗೆ ವಿಶ್ರಾಂತಿ ಮತ್ತು ಧ್ವನಿ ಚಿಕಿತ್ಸೆ ಸಾಕೆಂದರು.

ಹುಡುಗ ಇದರಿಂದ ತೆಗೆದ ಅರ್ಥವೇ ಬೇರೆ. "ಡಾಕ್ಟ್ರೇ, ಗಂಟಲು ಕೆಟ್ಟಿದ್ದು ಆಫೀಸಿನ ಫೋನಿನಿಂದ. ಕೆಲಸ ಬಿಟ್ಟು ಹಾಡನ್ನೇ ಹಿಡಿಯುತ್ತೇನೆ."

ನಾನು ಅಶ್ವಥ್ ಅವರ ಕತೆ ತೆಗೆದೆ. 1939ರಲ್ಲಿ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು, ಬೆಂಗಳೂರಿನಲ್ಲಿ ವಿಜ್ಞಾನ ಪದವಿ. ಆಮೇಲೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಲ್ಲಿ 27 ವರ್ಷ ನೌಕರಿ. "ಅವರೂ ಟೆಲಿಫೋನ್ ಮಾಡುವ ಕಡೆಯೇ ಇದ್ದರು, ನೀನೂ ಟೆಲಿಫೋನ್ ಮಾಡುವ ಕಡೆಯೇ ಇದ್ದೀಯ" ಎಂದೆ. ನಗಲಿಲ್ಲ. ಕಾರ್ಖಾನೆ ಬಿಟ್ಟ ಮೇಲೆ ನಾಟಕದ ತಾಲೀಮು, ಭಾವಗೀತೆ. 1977ರ 'ಕಾಕನಕೋಟೆ'ಗೆ ಸಂಗೀತ. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂದಾಗ ಅವರಿಗೆ ಐವತ್ತು ದಾಟಿತ್ತು. ಬೆಂಗಳೂರಿನ ಅರಮನೆ ಮೈದಾನದಲ್ಲಿ ಜನಸಾಗರ ಸೇರಿದ 'ಕನ್ನಡವೇ ಸತ್ಯ' ನಡೆದದ್ದು 2005ರಲ್ಲಿ, 65ರ ವಯಸ್ಸಿನಲ್ಲಿ. 2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟುಹಬ್ಬದ ದಿನವೇ, ಹೊರಟುಹೋದರು.

ಹುಡುಗ ಸುಮ್ಮನೆ ಕೇಳಿ ಒಂದೇ ಮಾತು ಹೇಳಿದ: "ಆದರೆ ಶರೀಫರು ಮಾಸ್ತರಿಕೆ ಬಿಟ್ಟರಲ್ಲ?"

ನಾನು ಕೆಮ್ಮಿದೆ. ಹೌದು, ಪದ ಕಟ್ಟಿದವರು ನೌಕರಿ ಬಿಟ್ಟರು, ಅದನ್ನು ನಮ್ಮ ಮನೆಮನೆಗೆ ಹಾಡಿ ತಲುಪಿಸಿದವರು ಹಿಡಿದುಕೊಂಡಿದ್ದರು. ಅಮೆರಿಕದ ಹಳ್ಳಿಗಾಡಿನ ಸಂಗೀತದ ಪಿತಾಮಹ ಜಿಮ್ಮಿ ರಾಜರ್ಸ್ ರೈಲ್ವೆಯಲ್ಲಿ ಬ್ರೇಕ್ ಹಾಕುವವನಾಗಿದ್ದ. ಅವನಿಗೆ ಆ ಕೆಲಸ ಬಿಡಿಸಿದ್ದು ಕ್ಷಯ. 1933ರಲ್ಲಿ ನ್ಯೂಯಾರ್ಕಿನಲ್ಲಿ ಹಾಡು ಹಾಡಿಗೂ ನಡುವೆ ಮಂಚದ ಮೇಲೆ ಒರಗಿಕೊಂಡು ಧ್ವನಿಮುದ್ರಣ ಮಾಡಿಸಿ, ಎರಡೇ ದಿನಕ್ಕೆ ತೀರಿಕೊಂಡ. ವಯಸ್ಸು 35. ಇದನ್ನು ಮಾತ್ರ ಹುಡುಗನಿಗೆ ಹೇಳಲಿಲ್ಲ.

ಅಶ್ವಥ್ ಅವರಿಗೆ ಕಾರ್ಖಾನೆಯೂ ರಂಗಮಂದಿರವೂ ಒಂದೇ ಊರಿನಲ್ಲಿದ್ದವು. ನಮ್ಮದು ಹಾಗಲ್ಲ. ಇಲ್ಲಿ ಅವನ ವೀಸಾ ಕಂಪನಿಯದು, ಊರಿನ ಸಾಲ ಅವನದು. ನಮ್ಮ ಸಂಘಗಳು ಹಾಡುಗಾರನಿಗೆ ಕೊಡುವುದಾದರೂ ಏನು? ಶಾಲು, ಹಣ್ಣಿನ ಬುಟ್ಟಿ, ಒಂದು ಫೋಟೋ. ಸಮಿತಿಯವರು ಸಿಟ್ಟಾಗಬಾರದು, ಆ ಸಮಿತಿಯಲ್ಲಿ ನಾನೂ ಇದ್ದೆ.

ನಾನೂ ಹಾಡುತ್ತಿದ್ದೆ. ಎಂಬಿಬಿಎಸ್ ಹಾಸ್ಟೆಲ್ಲಿನಲ್ಲಿ ಹಾರ್ಮೋನಿಯಂ ಇತ್ತು. ಎಂಡಿ ಮುಗಿಯುವ ತನಕ ಬೇಡವೆಂದು ಮುಚ್ಚಿಟ್ಟದ್ದು, ಇನ್ನೂ ತೆರೆದಿಲ್ಲ. ಹೀಗಿರುವಾಗ ಅವನಿಗೆ ಹಿತವಚನ ಹೇಳುವ ಅಧಿಕಾರ ನನಗೆಷ್ಟಿದೆಯೋ!

ಕೊನೆಗೆ ವೈದ್ಯನಾಗಿ ಹೇಳಬಹುದಾದ್ದನ್ನು ಹೇಳಿದೆ. ಆಫೀಸಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು ಮೆಲ್ಲಗೆ ಮಾತಾಡು, ಪಿಸುಗುಟ್ಟಬೇಡ, ಅದೂ ತಂತುಗಳಿಗೆ ಶ್ರಮವೇ. ಎ.ಸಿ. ಒಣಹವೆ, ನೀರು ಕುಡಿಯುತ್ತಿರು. ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತಿಂದು ಮಲಗಬೇಡ, ಹುಳಿ ಗಂಟಲಿಗೆ ಏರುತ್ತದೆ. ಮೂರು ತಿಂಗಳು ರಾಜೀನಾಮೆಯೂ ಬೇಡ, ಎತ್ತರದ ಶ್ರುತಿಯೂ ಬೇಡ.

ಮೂರು ತಿಂಗಳಾದ ಮೇಲೆ ಬಂದ. ಗಂಟುಗಳು ಬಹುಪಾಲು ಕರಗಿದ್ದವು. ರಾಜೀನಾಮೆ ಪತ್ರ ಇನ್ನೂ ಬ್ಯಾಗಿನಲ್ಲೇ ಇದೆಯಂತೆ. ಈ ಹಬ್ಬದ ಕಾರ್ಯಕ್ರಮದಲ್ಲಿ ಊಟಕ್ಕೆ ಮುಂಚಿನ ಹಾಡು ಅವನದು, ಶ್ರುತಿ ಒಂದೂವರೆ ಮನೆ ಕೆಳಗೆ. ಹಾರ್ಮೋನಿಯಂಗೆ ಯಾರೂ ಸಿಕ್ಕಿಲ್ಲ, ನೀವೇ ಕೂರುತ್ತೀರಾ ಡಾಕ್ಟ್ರೇ ಎಂದು ಕೇಳಿ ಹೋಗಿದ್ದಾನೆ.