ಭೂಮಿಯ ಪಾಠ ಮನೆಗೂ ತಲುಪಲಿ

ಮಕ್ಕಳೇ, ಅಗ್ನಿಶಿಲೆ, ಪದರ ಶಿಲೆ, ರೂಪಾಂತರ ಶಿಲೆ ಎಂದು ತರಗತಿಯಲ್ಲಿ ಬಾಯಿಪಾಠ ಮಾಡಿದ್ದೀರಿ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿರಬಹುದು. ಆದರೆ ಈ ಪಾಠದ ಸುದ್ದಿಯನ್ನು ಮನೆಯಲ್ಲಿ ಯಾರಿಗಾದರೂ ಹೇಳಿದ್ದೀರಾ? ಹೇಳಿಲ್ಲವಾದರೆ ಇಂದೇ ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಕೊಳವೆಬಾವಿ ಕೊರೆಸುವ ತೀರ್ಮಾನ ಆಗುವುದು ತರಗತಿಯಲ್ಲಲ್ಲ, ನಿಮ್ಮ ಮನೆಯ ಜಗುಲಿಯ ಮೇಲೆ. ಅದಕ್ಕಾಗಿ ಸಾಲ ಮಾಡುವ ಮಾತು ನಡೆಯುವುದೂ ಅಲ್ಲೇ.

ಬೆಂಗಳೂರಿನ ಲಾಲ್‌ಬಾಗಿಗೆ ಪ್ರವಾಸ ಹೋದವರು ಅಲ್ಲಿನ ದೊಡ್ಡ ಬಂಡೆಯನ್ನು ಹತ್ತಿರುತ್ತೀರಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ! ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾಗಿದೆ. ನೈಸ್ ಎಂಬ ಈ ರೂಪಾಂತರ ಶಿಲೆ, ಜೊತೆಗೆ ಗ್ರಾನೈಟ್, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಹೆಚ್ಚಿನ ಹೊಲಗಳ ಅಡಿಯಲ್ಲೂ ಇವೆ. (ವಿಜಯಪುರದ ಮಕ್ಕಳ ಕಾಲಡಿ ಇರುವುದು ಹೆಚ್ಚಾಗಿ ಕಪ್ಪು ಬಸಾಲ್ಟ್. ಅವರು ಮನೆಗೆ ಒಯ್ಯಬೇಕಾದ ಸುದ್ದಿ ಸ್ವಲ್ಪ ಬೇರೆ.)

ಮನೆಯವರ ಎದುರೇ ಒಂದು ಪ್ರಯೋಗ ಮಾಡಿ. ಒಣಗಿದ ಇಟ್ಟಿಗೆಯ ಮೇಲೆ ಒಂದು ಚಮಚ ನೀರು ಹಾಕಿ. ಅದು ಹೀರಿಕೊಳ್ಳುತ್ತದೆ. ಬಿರುಕಿಲ್ಲದ ಗ್ರಾನೈಟ್ ಚೂರಿನ ಮೇಲೆ ಹಾಕಿ. ನೀರು ಹರಿದು ಹೋಗುತ್ತದೆ. ಇಂತಹ ಕಲ್ಲಿನ ನಾಡಿನಲ್ಲಿ ನೀರು ನಿಲ್ಲುವುದು ಮೇಲ್ಭಾಗದ ಶಿಥಿಲಗೊಂಡ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಆಳಕ್ಕೆ ಹೋದಂತೆ ಬಿರುಕುಗಳು ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಹೀಗಿರುವಾಗ, ಇನ್ನಷ್ಟು ಕೊರೆದರೆ ನೀರು ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಸರಿಯಲ್ಲ. 500 ಅಡಿಯಲ್ಲಿ ಬರೀ ಕಲ್ಲುಪುಡಿ ಬಂದರೆ 1000 ಅಡಿಯಲ್ಲೂ ಅದೇ ಬರಬಹುದು. ನೀರು ಬರಲಿ, ಬಿಡಲಿ, ಕೊರೆದ ಪ್ರತಿ ಅಡಿಗೂ ಅಪ್ಪ ಹಣ ಕೊಡಲೇಬೇಕು.

ಆಳದಲ್ಲಿ ನೀರು ಸಿಕ್ಕರೂ ಚಿಂತೆ ಮುಗಿಯುವುದಿಲ್ಲ. ಬಹುಕಾಲ ಕಲ್ಲಿನ ಸಂಪರ್ಕದಲ್ಲಿದ್ದ ನೀರಿನಲ್ಲಿ ಫ್ಲೋರೈಡ್ ಕರಗಿರಬಹುದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಇನ್ನೂ ಹೆಚ್ಚಾದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಇದನ್ನು ಅಮ್ಮನಿಗೆ ಮರೆಯದೆ ಹೇಳಿ.

ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಜಲ ನೋಡುವವರನ್ನು ನಿಮ್ಮ ಹೊಲಕ್ಕೂ ಕರೆಸಿರಬಹುದು. ಕಾಯಿ ನೆಟ್ಟಗೆ ನಿಲ್ಲುವುದಕ್ಕೂ ಕೆಳಗಿನ ಬಿರುಕಿಗೂ ಸಂಬಂಧವಿದೆ ಎಂದು ವಿಜ್ಞಾನ ಒಪ್ಪಿಲ್ಲ. ಹಾಗೆಂದು ಹಿರಿಯರ ಮುಂದೆ ನಕ್ಕುಬಿಡಬೇಡಿ! ಕೊರೆಸುವ ಮೊದಲು ಒಬ್ಬ ಭೂವಿಜ್ಞಾನಿಯನ್ನು ಕೇಳೋಣ, ನೀರು ಬಂದರೆ ಪರೀಕ್ಷೆ ಮಾಡಿಸೋಣ ಎಂದು ಹೇಳಿ. ಭೂವಿಜ್ಞಾನಿಯ ಲೆಕ್ಕವೂ ಕೆಲವೊಮ್ಮೆ ತಪ್ಪುತ್ತದೆ. ಆದರೆ ಅವರು ಯಾವ ಆಧಾರದ ಮೇಲೆ ಹೇಳಿದರು ಎಂದು ನೀವು ಕೇಳಿ ತಿಳಿಯಬಹುದು.

ಇನ್ನೊಂದು ಲೆಕ್ಕವನ್ನೂ ಮನೆಗೆ ಒಯ್ಯಿರಿ. ಒಂದು ಚದರ ಮೀಟರ್ ಮಾಡಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ನಿಮ್ಮ ಮಾಡು 50 ಚದರ ಮೀಟರ್ ಇದ್ದು, ವರ್ಷಕ್ಕೆ 700 ಮಿಲಿಮೀಟರ್ ಮಳೆಯಾದರೆ 35,000 ಲೀಟರ್. ಸ್ವಲ್ಪ ಪೋಲಾದರೂ ಉಳಿದದ್ದು ಕಡಿಮೆಯೇನಲ್ಲ, ಅದರಲ್ಲಿ ಕಲ್ಲಿನ ಫ್ಲೋರೈಡೂ ಇರುವುದಿಲ್ಲ.

"ಏಳನೇ ತರಗತಿಯ ಹುಡುಗಿ ನಮಗೇನು ಹೇಳುತ್ತಾಳೆ?" ಎಂದು ಯಾರಾದರೂ ಗದರಿಸಬಹುದು. ಆಗ ಸುಮ್ಮನೆ ಅಜ್ಜನ ಪಕ್ಕ ಕುಳಿತು ಕೇಳಿ: ನಮ್ಮ ತೆರೆದ ಬಾವಿ ಎಷ್ಟು ಆಳವಿತ್ತು? ಯಾವ ವರ್ಷ ಬತ್ತಿತು? ಆಗ ಊರ ಕೆರೆಯಲ್ಲಿ ನೀರಿತ್ತೇ? ಉತ್ತರಗಳನ್ನು ಬರೆದುಕೊಂಡು ನಾಳೆ ತರಗತಿಗೆ ತನ್ನಿ. ನಿಮ್ಮ ಪಠ್ಯಪುಸ್ತಕದಲ್ಲಿ ಅವು ಇಲ್ಲ.