ಕರುಣೆಗೂ ಒಂದು ತಕ್ಕಡಿ ಬೇಕು

ಅಮೆರಿಕದ ಪೂರ್ವ ಕರಾವಳಿಯ ರಾಜ್ಯಗಳಲ್ಲಿ ಬೇಸಿಗೆಯ ಕೊನೆಯೆಂದರೆ ಚಂಡಮಾರುತಗಳ ಕಾಲ. ಇಲ್ಲಿನ ಬೂದು ಅಳಿಲುಗಳು ವರ್ಷದಲ್ಲಿ ಎರಡನೆಯ ಬಾರಿ ಮರಿ ಹಾಕುವುದೂ ಅದೇ ಹೊತ್ತಿನಲ್ಲಿ. ಓಕ್ ಮರದ ಕೊಂಬೆಯೊಂದು ಮುರಿದರೆ ಅದರೊಡನೆ ಎಲೆಗೂಡೂ, ಕಣ್ಣು ತೆರೆಯದ ಎರಡು ಮೂರು ಮರಿಗಳೂ ಹಿತ್ತಲಿಗೆ ಬೀಳುತ್ತವೆ. ನಾನು ನೆಲೆಸಿರುವ ನಾರ್ತ್ ಕ್ಯಾರೊಲಿನಾದ ಕನ್ನಡ ಬಳಗದಿಂದ ಆಗ ನನಗೆ ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಡಾಕ್ಟರೇ, ಇದಕ್ಕೆ ಸ್ವಲ್ಪ ಹಾಲು ಕುಡಿಸಬಹುದೇ?’ ನನ್ನ ಮರುಪ್ರಶ್ನೆ: ‘ಮೈ ಬೆಚ್ಚಗಿದೆಯೇ? ತೂಕ ಎಷ್ಟಿದೆ?’ ಕನಿಕರದಿಂದ ಕೇಳಿದವರಿಗೆ ಇದು ಒಣ ಮಾತೆನಿಸಬಹುದು. ಆದರೆ ಅಳತೆಯಿಲ್ಲದ ಕರುಣೆ ಎಷ್ಟೋ ಸಲ ಮರಿಯ ಪ್ರಾಣಕ್ಕೇ ಎರವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ಮನುಷ್ಯರ ವೈದ್ಯ. ಎಂಬಿಬಿಎಸ್, ಎಂ.ಡಿ. ಪದವಿಗಳು ಅಳಿಲಿನ ಮುಂದೆ ಯಾವ ಅಧಿಕಾರವನ್ನೂ ಕೊಡುವುದಿಲ್ಲ. ಇಲ್ಲಿನ ಬಹುತೇಕ ರಾಜ್ಯಗಳಲ್ಲಿ ವನ್ಯಜೀವಿಯನ್ನು ಸಲಹಲು ಸರ್ಕಾರದ ಪರವಾನಗಿ ಬೇಕು. ನ್ಯೂಯಾರ್ಕ್‌ನಲ್ಲಿ ಅದಕ್ಕೆ ಪರೀಕ್ಷೆಯನ್ನೇ ಬರೆಯಬೇಕು. ಭಾರತದಿಂದ ಬಂದ ವೈದ್ಯ ಸಾಮಾನ್ಯವಾಗಿ ಮತ್ತೆ ಪರೀಕ್ಷೆ ಬರೆದು, ಮತ್ತೆ ರೆಸಿಡೆನ್ಸಿ ಮುಗಿಸಿಯೇ ಇಲ್ಲಿ ವೃತ್ತಿ ಆರಂಭಿಸುತ್ತಾನೆ. ಆ ನಿಯಮದ ಹಿಂದಿನ ತರ್ಕವೇ ಇಲ್ಲಿಯೂ ಇದೆ: ಒಂದು ಜೀವವನ್ನು ಕೈಗೆತ್ತಿಕೊಳ್ಳುವವನಿಗೆ ಸದುದ್ದೇಶವಿದ್ದರೆ ಸಾಲದು, ತಿಳಿವಳಿಕೆಯೂ ಇರಬೇಕು. ಪರವಾನಗಿಯುಳ್ಳ ಪುನರ್ವಸತಿ ಕಾರ್ಯಕರ್ತೆಯೊಬ್ಬರ ಕೈಕೆಳಗೆ ಬಿಡುವಿನ ದಿನಗಳಲ್ಲಿ ನಾನು ಸ್ವಯಂಸೇವಕ. ಅಲ್ಲಿ ನನ್ನ ಕೆಲಸ ತೂಗುವುದು, ಬರೆದಿಡುವುದು.

ಮೊದಲನೆಯದಾಗಿ, ನೆಲಕ್ಕೆ ಬಿದ್ದ ಮರಿಯೆಲ್ಲ ಅನಾಥವಲ್ಲ. ತಾಯಿ ಅಳಿಲಿಗೆ ಬೇರೆ ಗೂಡುಗಳೂ ಇರುವುದುಂಟು. ಅವಕಾಶ ಸಿಕ್ಕರೆ ಅದು ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಗಾಯವಿಲ್ಲದ ಮರಿಯನ್ನು ಬೆಚ್ಚಗೆ ಮಾಡಿ, ಮುಚ್ಚಳವಿಲ್ಲದ ಪೆಟ್ಟಿಗೆಯಲ್ಲಿ ಅದೇ ಮರದ ಬುಡದಲ್ಲಿಟ್ಟು, ಬೆಕ್ಕು ನಾಯಿಗಳನ್ನು ಒಳಗೆ ಕಟ್ಟಿ, ಹಗಲಿನಲ್ಲಿ ಕೆಲವು ಗಂಟೆ ದೂರದಿಂದ ಕಾಯಬೇಕು. ತಾಯಿ ಬಾರದಿದ್ದರೆ, ಮರಿಗೆ ಗಾಯವಾಗಿದ್ದರೆ, ನೊಣ ಮೊಟ್ಟೆಯಿಟ್ಟಿದ್ದರೆ ಅಥವಾ ಬೆಕ್ಕು ಕಚ್ಚಿದ್ದರೆ ಮಾತ್ರ ಪುನರ್ವಸತಿ ಕೇಂದ್ರದ ದಾರಿ.

ಕೇಂದ್ರದಲ್ಲಿ ಪಾಲಿಸುವ ಕ್ರಮ ಸರಳ: ಮೊದಲು ಶಾಖ, ಆಮೇಲೆ ನೀರು, ಕೊನೆಗೆ ಹಾಲು. ತಣ್ಣಗಾದ ಮೈಯಲ್ಲಿ ಜೀರ್ಣಕ್ರಿಯೆ ನಡೆಯುವುದಿಲ್ಲ. ಆಗ ಕೊಟ್ಟ ಹಾಲು ಹೊಟ್ಟೆಯಲ್ಲೇ ನಿಂತು ಕೆಡುತ್ತದೆ. ನಮ್ಮ ಅಜ್ಜಿಯರು ಬಾಣಂತಿಯ ಕೋಣೆಯಲ್ಲಿ ಕೆಂಡ ಇಡುತ್ತಿದ್ದುದು, ಇಂದಿನ ಆಸ್ಪತ್ರೆಗಳಲ್ಲಿ ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಒತ್ತಿಡುವುದು, ಎರಡೂ ಇದೇ ಅರಿವಿನಿಂದ ಬಂದವು. ಹಸುವಿನ ಹಾಲಂತೂ ಕೂಡದು. ಅಳಿಲಿನ ಹಾಲಿನಲ್ಲಿ ಕೊಬ್ಬು ಅದಕ್ಕಿಂತ ಹಲವು ಪಟ್ಟು ಹೆಚ್ಚು. ಹಸುವಿನ ಹಾಲು ಕುಡಿದ ಮರಿಗೆ ಭೇದಿಯಾಗುತ್ತದೆ. ಅಂಗೈಯಲ್ಲಿ ಹಿಡಿಸುವ ದೇಹದಿಂದ ನೀರು ಬರಿದಾಗಲು ಬಹಳ ಹೊತ್ತು ಬೇಕಿಲ್ಲ. ಆದ್ದರಿಂದ ಇಲ್ಲಿ ಬಳಸುವುದು ಸಾಮಾನ್ಯವಾಗಿ ನಾಯಿಮರಿಗಳಿಗೆಂದು ತಯಾರಾದ ಹಾಲಿನ ಪುಡಿಯನ್ನು.

ಇನ್ನು ತೂಕದ ಮಾತು. ಹುಟ್ಟಿದಾಗ ಬೂದು ಅಳಿಲಿನ ಮರಿ ಸುಮಾರು 15 ಗ್ರಾಂ ತೂಗುತ್ತದೆ. ಕಣ್ಣು ತೆರೆಯಲು 4ರಿಂದ 5 ವಾರ ಬೇಕು. ಪ್ರತಿದಿನ ಒಂದೇ ಹೊತ್ತಿಗೆ, ಮೊದಲ ಹಾಲಿಗೆ ಮುನ್ನ, ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತೇವೆ. ಒಂದು ಹೊತ್ತಿಗೆ ಕೊಡುವ ಹಾಲು ದೇಹತೂಕದ ನೂರಕ್ಕೆ ಸುಮಾರು 5 ಪಾಲು. 60 ಗ್ರಾಂ ಮರಿಗೆ 3 ಮಿಲಿಲೀಟರ್. ತೂಕ ಗೊತ್ತಿಲ್ಲದೆ ಈ ಲೆಕ್ಕ ಸಾಧ್ಯವಿಲ್ಲ. ಬೇಟೆಗೆ ಗುರಿಯಾಗುವ ಪ್ರಾಣಿಗಳು ಕಾಯಿಲೆಯನ್ನು ಮರೆಮಾಡುತ್ತವೆ. ಮರಿ ಲವಲವಿಕೆಯಿಂದ ಇರುವಂತೆ ಕಂಡರೂ ತೂಕ ಏರದೆ ನಿಂತರೆ ಏನೋ ಕೆಟ್ಟಿದೆ ಎಂದೇ ಅರ್ಥ. ಕಣ್ಣಿಗೆ ಕಾಣುವ ಮೊದಲೇ ಅಂಕಿ ಹೇಳುತ್ತದೆ.

ತೂಕದ ಪಕ್ಕದಲ್ಲಿ ಇನ್ನೂ ಕೆಲವನ್ನು ಬರೆಯುತ್ತೇವೆ. ಬೆನ್ನಿನ ಚರ್ಮವನ್ನು ಮೆಲ್ಲನೆ ಎತ್ತಿ ಬಿಟ್ಟರೆ ತಟ್ಟನೆ ಸ್ವಸ್ಥಾನಕ್ಕೆ ಮರಳಬೇಕು. ಮಡಿಕೆಯಾಗಿಯೇ ನಿಂತರೆ ನೀರಿನ ಕೊರತೆ. ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೂ ಅದೇ. ಹೊಟ್ಟೆ ಬಿಗಿದರೆ ಅಥವಾ ಮಲ ತೆಳ್ಳಗಾದರೆ ಹಾಲು ಹೆಚ್ಚಾಗಿರಬಹುದು. ಹಾಲು ಮೂಗಿನಿಂದ ಹೊರಬಂದ ಮರಿಯ ಉಸಿರನ್ನು ಕಿವಿಯ ಬಳಿ ಹಿಡಿದು ಆಲಿಸುತ್ತೇವೆ. ‘ಟಕ್ ಟಕ್’ ಸದ್ದು ಬಂದರೆ ಶ್ವಾಸಕೋಶಕ್ಕೆ ಹಾಲು ಇಳಿದು ನ್ಯುಮೋನಿಯಾ ಆಗಿರುವ ಸಂಶಯ, ಕೂಡಲೇ ಪಶುವೈದ್ಯರಿಗೆ ಕರೆ. ಹಾಲು ಬಿಟ್ಟ ಮೇಲೂ ಎಚ್ಚರ ಬೇಕು. ಸೂರ್ಯಕಾಂತಿ ಬೀಜ, ಕಡಲೆಕಾಯಿ, ಜೋಳಗಳನ್ನಷ್ಟೇ ತಿಂದು ಬೆಳೆದರೆ ರಂಜಕ ಹೆಚ್ಚಿ, ಸುಣ್ಣ ಕಡಿಮೆಯಾಗಿ ಮೂಳೆ ಮೆತ್ತಗಾಗುತ್ತದೆ. ನಿನ್ನೆ ಹತ್ತುತ್ತಿದ್ದ ಮರಿ ಇಂದು ಹತ್ತಲು ಹಿಂಜರಿದರೆ, ಹಿಂಗಾಲು ಎಳೆದರೆ, ಅದನ್ನು ಸೋಮಾರಿತನವೆಂದು ತಳ್ಳಿಹಾಕಬಾರದು.

‘ಎಲ್ಲೆಲ್ಲೂ ಇರುವ ಅಳಿಲಿಗೆ ಇಷ್ಟೇಕೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಬೂದು ಅಳಿಲು ಅಳಿವಿನಂಚಿನ ಪ್ರಾಣಿಯಲ್ಲ. ಬ್ರಿಟನ್ನಿನಲ್ಲಿ ಅದು ಸ್ಥಳೀಯ ಕೆಂಪು ಅಳಿಲನ್ನು ಮೂಲೆಗೊತ್ತಿದ ಹೊರಗಿನ ಜೀವಿ, ಅದನ್ನು ಅಲ್ಲಿ ಕಾಡಿಗೆ ಬಿಡುವುದು ಕಾನೂನಿಗೆ ವಿರುದ್ಧ. ಆದುದರಿಂದ ಸಂತತಿಯ ಉಳಿವಿನ ವಾದವನ್ನು ನಾನು ಹೂಡುವುದಿಲ್ಲ. ನನ್ನ ವಾದ ಇಷ್ಟೇ: ಕೈಗೆತ್ತಿಕೊಳ್ಳುವುದು, ಬಿಡುವುದು ನಮ್ಮ ಆಯ್ಕೆ, ಎತ್ತಿಕೊಂಡ ಮೇಲೆ ಅರೆಮನಸ್ಸಿನ ಆರೈಕೆಗೆ ಎಡೆಯಿಲ್ಲ. ನಮ್ಮ ನುಡಿಯಲ್ಲಿ ‘ಅಳಿಲು ಸೇವೆ’ ಎಂದರೆ ಕಿರಿದಾದ ಸೇವೆ. ರಾಮನ ಬೆರಳ ಗುರುತಿಲ್ಲದ ಈ ಬೂದು ಬೆನ್ನಿನ ಅಳಿಲಿಗೆ ಮಾಡುವ ಸೇವೆ ಮಾತ್ರ ಅಷ್ಟು ಕಿರಿದಲ್ಲ; ಅದು ನಿದ್ದೆಗೆಡಿಸುತ್ತದೆ, ಶಿಸ್ತು ಬೇಡುತ್ತದೆ.

ಊರಿನಲ್ಲಿರುವ ಬಂಧುಗಳಿಗೂ ಇಲ್ಲೊಂದು ಮಾತಿದೆ. ಫೋನಿನಲ್ಲಿ ‘ಚೆನ್ನಾಗಿದ್ದೇವೆ ಕಣಪ್ಪ’ ಎನ್ನುವ ಹಿರಿಯರ ದನಿಯನ್ನು ನಂಬಿ ನೆಮ್ಮದಿಯಾಗಿರುವ ಮಕ್ಕಳು ವಿದೇಶಗಳಲ್ಲಿ ಬಹಳ ಜನರಿದ್ದಾರೆ. ಮಗನಿಗೆ ಚಿಂತೆಯಾಗಬಾರದೆಂದು ಅವರೂ ನೋವನ್ನು ಮರೆಮಾಡುತ್ತಾರೆ. ವಾರಕ್ಕೊಮ್ಮೆ ತೂಕ, ವೈದ್ಯರು ಹೇಳಿದಂತೆ ರಕ್ತದೊತ್ತಡ, ಸಕ್ಕರೆಯ ಅಂಕಿಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟು ಓದಿ ಹೇಳಿದರೆ, ಸಾವಿರಾರು ಮೈಲಿ ದೂರದ ಮಗಳಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಮೂರು ತಿಂಗಳು ದಾಟುವ ಹೊತ್ತಿಗೆ ಆರೈಕೆಯ ದಿಕ್ಕು ಬದಲಾಗುತ್ತದೆ. ಮುಟ್ಟುವುದು ಕಡಿಮೆಯಾಗಿ, ದೂರದಿಂದ ನೋಡುವುದು ಹೆಚ್ಚುತ್ತದೆ. ಮರಿಗಳನ್ನು ಒಂಟಿಯಾಗಿ ಬೆಳೆಸದೆ ಜೊತೆಗೂಡಿಸುತ್ತೇವೆ; ಮನುಷ್ಯನನ್ನು ಕಂಡರೆ ಓಡುವ ಅಳಿಲೇ ಬದುಕುವ ಅಳಿಲು. ಮುದ್ದಿಗೆ ಒಗ್ಗಿಸಿ ಮನೆಯಲ್ಲೇ ಇಟ್ಟುಕೊಂಡರೆ ಅದು ನಮ್ಮ ಸುಖ, ಅದರದ್ದಲ್ಲ.

ಈ ದೇಶಕ್ಕೆ ಹೊಸದಾಗಿ ಬರುವವರು ಮನೆ, ಶಾಲೆ, ಕಾರು ಹುಡುಕುವಾಗ ನಿಮ್ಮ ಜಿಲ್ಲೆಯ ವನ್ಯಜೀವಿ ಪುನರ್ವಸತಿ ಕೇಂದ್ರದ ದೂರವಾಣಿ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಬೆಂಗಳೂರಿನವರಿಗೆ ಕೆಂಗೇರಿಯ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಿದೆ. ಹಿತ್ತಲಲ್ಲಿ ಮರಿ ಬಿದ್ದ ದಿನ ಹಾಲಿನ ಬಟ್ಟಲಿಗೆ ಕೈಹಾಕುವ ಮೊದಲು ಅದನ್ನು ಬೆಚ್ಚಗೆ ಮಾಡಿ, ತಿಳಿದವರಿಗೆ ಕರೆ ಮಾಡಿ.