ಮುಂಗಡದ ಚೀಟಿಯಲ್ಲಿ ಇಲ್ಲದ ಹೆಸರು

ದೀಪಾವಳಿಯ ಹೊಸ್ತಿಲಲ್ಲಿ, ವಿಜಯಪುರ ಸೀಮೆಯ ಅರಕೇರಿಯ ತಾಂಡಾಗಳಿಂದ ಮಹಾರಾಷ್ಟ್ರದ ಕಬ್ಬಿನ ಹೊಲಗಳಿಗೆ ಗುಳೆ ಹೊರಟ ಕುಟುಂಬಗಳ ಟ್ರ್ಯಾಕ್ಟರೊಂದು ರಸ್ತೆಯಂಚಿಗೆ ನಿಂತಿದ್ದಾಗ, ಜೋಳದ ಚೀಲ, ರೊಟ್ಟಿಯ ಹಂಚು, ಕಾಲು ಕಟ್ಟಿದ ಕೋಳಿಗಳ ನಡುವೆ ತಮ್ಮನನ್ನು ತೊಡೆಯ ಮೇಲಿರಿಸಿಕೊಂಡು ಕುಳಿತ ಹತ್ತು ವರ್ಷದ ಬಾಲಿಕೆಯೊಬ್ಬಳನ್ನು ಕಂಡೆವು. ಅವಳ ಮೈಮೇಲೆ ಶಾಲೆಯ ಸಮವಸ್ತ್ರವಿತ್ತು. ಚಳಿ ತಡೆಯುವ ಗಟ್ಟಿ ಅಂಗಿ ಅದೊಂದೇ ಎಂದರು ತಾಯಿ.

ಮಕ್ಕಳ ದುಡಿಮೆಗೆ ಕಡಿವಾಣ ಹಾಕುವ ಯತ್ನ ಹೊಸದಲ್ಲ. ಈ ಸೀಮೆ ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ, ಗಿರಣಿಯ ಮಕ್ಕಳಿಗಾಗಿ ಮರುಗಿದ ಸೊರಾಬ್ಜಿ ಶಾಪೂರ್ಜಿ ಬೆಂಗಾಲಿಯವರಂಥ ಸುಧಾರಕರ ಯತ್ನವೂ, ಇಲ್ಲಿಯ ಅಗ್ಗದ ನೂಲಿಗೆ ಅಂಜಿದ ಲ್ಯಾಂಕಶೈರಿನ ಮಾಲೀಕರ ಸ್ವಾರ್ಥವೂ ಕೂಡಿಕೊಂಡು 1881ರ ಕಾರ್ಖಾನೆ ಕಾಯಿದೆ ಜನ್ಮತಾಳಿತು. ಏಳು ವರ್ಷಕ್ಕೆ ಕಿರಿಯರು ಗಿರಣಿಯ ಹೊರಗುಳಿಯಬೇಕು, ಹನ್ನೆರಡರೊಳಗಿನವರು ದಿನಕ್ಕೆ 9 ತಾಸಿಗಿಂತ ಹೆಚ್ಚು ದುಡಿಯಬಾರದು: ಇಷ್ಟನ್ನೇ ಅಂದು ಕಾರುಣ್ಯವೆಂದು ಬಗೆದರು. ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಕಾರ್ಮಿಕರನ್ನು ಕೂಡಿಸಿ ದನಿಯೆತ್ತಿದ ಮೇಲೆ, 1891ರಲ್ಲಿ ವಯಸ್ಸು ಒಂಬತ್ತಕ್ಕೂ, 1922ರಲ್ಲಿ ಹನ್ನೆರಡಕ್ಕೂ, ಸ್ವಾತಂತ್ರ್ಯಾನಂತರ 1948ರಲ್ಲಿ ಹದಿನಾಲ್ಕಕ್ಕೂ ಏರಿತು.

ಆದರೆ ಈ ಕಾಯಿದೆಗಳಿಗೆ ಗೋಚರವಾಗುತ್ತಿದ್ದುದು ಗಿರಣಿಯ ಬಾಗಿಲು ದಾಟುವ ಮಗು ಮಾತ್ರ. ಕಬ್ಬಿನ ಹೊಲಕ್ಕೆ ಬಾಗಿಲೆಲ್ಲಿಯದು? ಸಾಲಕ್ಕೆ ಮಗುವಿನ ದುಡಿಮೆಯನ್ನು ಒತ್ತೆಯಿಡುವ ಕರಾರು ಅಸಿಂಧುವೆಂದು 1933ರ ಕಾಯಿದೆ ಸಾರಿತು; ತಂದೆತಾಯಿಗೆ 50 ರೂಪಾಯಿ, ದುಡಿಸಿಕೊಂಡವನಿಗೆ 200 ರೂಪಾಯಿ ದಂಡವೆಂದಿತು. ಇಂದು ಕೂಲಿಗಳನ್ನು ಕೂಡಿಸಿ ಕರೆದೊಯ್ಯುವ ಮುಕಾದಮನು ಮಗುವಿನ ಹೆಸರಿನಲ್ಲಿ ಕರಾರು ಮಾಡುವುದೇ ಇಲ್ಲ. ಗಂಡಹೆಂಡಿರ ಜೋಡಿಗೆ ‘ಒಂದು ಕೊಯ್ತಾ’ ಎಂದು ಲೆಕ್ಕಹಿಡಿದು ಮುಂಗಡ ಕೊಡುತ್ತಾನೆ. ಆ ಮುಂಗಡ ತೀರುವುದು ಕಡಿದ ಕಬ್ಬಿನ ತೂಕದಿಂದಾದುದರಿಂದ, ನಸುಕಿನಲ್ಲಿ ನೀರು ತರುವ, ರವದಿ ಸರಿಸುವ, ಸಿವುಡು ಕಟ್ಟಲು ಕೈಗೂಡಿಸುವ, ಗುಡಿಸಲಿನಲ್ಲಿ ಕೂಸನ್ನು ಆಡಿಸುವ ಹುಡುಗಿಯ ಶ್ರಮವೂ ಆ ತೂಕದಲ್ಲಿ ಬೆರೆತುಹೋಗುತ್ತದೆ. ಚೀಟಿಯಲ್ಲಿ ಅವಳ ಹೆಸರಿರುವುದಿಲ್ಲ. ಹದಿನಾಲ್ಕರೊಳಗಿನವರ ದುಡಿಮೆಯನ್ನು ಎಲ್ಲೆಡೆ ನಿಷೇಧಿಸಿದ, ಬಾಲಕಾರ್ಮಿಕ ಕಾಯಿದೆಯ 2016ರ ತಿದ್ದುಪಡಿಯೂ, ಶಾಲೆಯ ವೇಳೆಯ ಅನಂತರ ಮನೆಯವರಿಗೆ ನೆರವಾಗುವುದಕ್ಕೆ ಅವಕಾಶವಿತ್ತಿದೆ. ಶಾಲೆಯೇ ಅರಕೇರಿಯಲ್ಲಿ ಉಳಿದುಹೋದ ಮೇಲೆ ಶಾಲೆಯ ವೇಳೆ ಯಾವುದು, ಅನಂತರ ಯಾವುದು?

ಶಾಲೆಯಿಲ್ಲದೆ ಬರಿಯ ನಿಷೇಧದಿಂದ ಮಗುವಿನ ದುಡಿಮೆ ನಿಲ್ಲದೆಂಬುದನ್ನು ಗೋಪಾಲಕೃಷ್ಣ ಗೋಖಲೆಯವರು ಮೊದಲೇ ಅರಿತಿದ್ದರೆಂದು ನಮ್ಮ ನಂಬುಗೆ. 1911ರಲ್ಲಿ ಅವರು ಮಂಡಿಸಿದ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ಮರುವರ್ಷ 13 ಮತಗಳೆದುರು 38 ಮತಗಳಿಂದ ಬಿದ್ದಿತು. ಅದೇ 1911ರಲ್ಲಿ ಹೊಸ ಕಾರ್ಖಾನೆ ಕಾಯಿದೆ ಮಾತ್ರ ಅಂಗೀಕೃತವಾಯಿತು. ನಮ್ಮ ಫ. ಗು. ಹಳಕಟ್ಟಿಯವರೂ ಸಮಾನಮನಸ್ಕರೂ ಸರಕಾರದ ದಾರಿ ಕಾಯದೆ, 1910ರಲ್ಲಿಯೇ ವಿಜಯಪುರದಲ್ಲಿ ವಿದ್ಯಾಸಂಸ್ಥೆಯನ್ನು ಕಟ್ಟಹೊರಟಿದ್ದರು. ಗುಳೆಯ ಅಷ್ಟೂ ತಿಂಗಳು ಮಕ್ಕಳಿಗೆ ಊರಲ್ಲಿಯೇ ಊಟ, ವಸತಿ, ಪಾಠ ದೊರೆತಲ್ಲದೆ ಆ ಬಾಲಿಕೆ ಟ್ರ್ಯಾಕ್ಟರಿನಿಂದ ಇಳಿಯಲಾರಳು; ತಾಯಿಯನ್ನು ದಂಡಿಸಿ ಅವಳನ್ನು ಇಳಿಸಬಹುದೆಂದು ನಮಗೆ ತೋರದು.

ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ತಾಂಡಾ ಶಾಲೆಗಳ ಶಿಕ್ಷಕರಲ್ಲಿ ನಮ್ಮದೊಂದು ಬಿನ್ನಹ: ದೀಪಾವಳಿಯಿಂದ ಯುಗಾದಿಯವರೆಗೆ ತಮ್ಮ ಹಾಜರಿ ಪುಸ್ತಕದಲ್ಲಿ ಎಷ್ಟು ಮಕ್ಕಳು ಗೈರುಹಾಜರಾಗುತ್ತಾರೆ, ಮರಳಿದವರಲ್ಲಿ ಎಷ್ಟು ಮಂದಿ ಮತ್ತೆ ಬೆಂಚಿಗೆ ಬಂದು ಕೂರುತ್ತಾರೆ ಎಂಬುದನ್ನು, ಮಕ್ಕಳ ಹೆಸರು ಕಾಣಿಸದೆ, ಬರೆದು ಕಳುಹಬೇಕು. ಮುಂದಿನ ಸಂಚಿಕೆಯ ಮೊದಲ ಪುಟಗಳನ್ನು ಅದಕ್ಕಾಗಿ ತೆರವಿಟ್ಟಿದ್ದೇವೆ.